ಕುಸ್ತಿ ಅಖಾಡಕ್ಕೆ ಮಕ್ಕಳನ್ನು ಕರೆದೊಯ್ಯಬಹುದೇ?

ದಸರಾ ಸಮೀಪಿಸಿತೆಂದರೆ ಮೈಸೂರು ಸೀಮೆಯ ತಾಯಂದಿರು ವೈದ್ಯರ ಮುಂದಿಡುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: 'ಇವನ ತಾತ ಕುಸ್ತಿ ನೋಡೋಕೆ ಕರ್ಕೊಂಡು ಹೋಗ್ತೀನಿ ಅಂತಿದಾರೆ. ಇವನಿಗಿನ್ನೂ ಎಂಟು ವರ್ಷ. ಹೊಡೆದಾಟ ನೋಡಿ ಒರಟನಾಗಲ್ವಾ ಡಾಕ್ಟ್ರೇ?'

ತಾಯಿಯ ಆತಂಕ ಸಹಜವಾದದ್ದು. ಆದರೆ ಅದೇ ಹುಡುಗ ರಾತ್ರಿ ಊಟ ಮಾಡುವಾಗ ಅದೇ ತಾಯಿಯ ಮೊಬೈಲಿನಲ್ಲಿ ತಂತಿ ಪಂಜರದೊಳಗೆ ಇಬ್ಬರು ಗುದ್ದಾಡಿ ರಕ್ತ ಸುರಿಸುವ ತುಣುಕುಗಳನ್ನು ನೋಡುತ್ತಿರುತ್ತಾನೆ. ಅದಕ್ಕೆ ಯಾರೂ ವೈದ್ಯರ ಸಲಹೆ ಕೇಳುವುದಿಲ್ಲ. ಹಾಗಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಾತನ ಜೊತೆ ಹುಡುಗ ಅವಶ್ಯವಾಗಿ ಹೋಗಲಿ. ಹುಡುಗಿಯರೂ ಹೋಗಲಿ. ಎಂಥ ಪಂದ್ಯಕ್ಕೆ, ಯಾವ ವಯಸ್ಸಿನಲ್ಲಿ, ಯಾವ ಎಚ್ಚರಿಕೆಯೊಂದಿಗೆ ಎಂಬುದನ್ನು ಮಾತ್ರ ದೊಡ್ಡವರು ಯೋಚಿಸಬೇಕು.

ಮೈಸೂರಿನ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕುಸ್ತಿ ನೋಡಲು ಕುಳಿತವರನ್ನು ಒಮ್ಮೆ ಗಮನಿಸಿ. ಪಟ್ಟು ಬಿದ್ದ ಕೂಡಲೇ ಅದರ ಹೆಸರು ಹೇಳಬಲ್ಲವರೆಲ್ಲ ತಲೆ ನರೆತವರು. ಹರೆಯದವರು ಬರುವುದಿಲ್ಲವೆಂದಲ್ಲ, ಬಂದವರು ಒಂದೆರಡು ಜೋಡಿ ನೋಡಿ ವಸ್ತುಪ್ರದರ್ಶನದ ಕಡೆಗೆ ನಡೆದುಬಿಡುತ್ತಾರೆ. ಸಂಘಟಕರು ಕೈಕಟ್ಟಿ ಕುಳಿತಿಲ್ಲ. ಮಣ್ಣಿನ ನಾಡಕುಸ್ತಿಯ ಜೊತೆಗೆ ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯನ್ನು ತಂದರು. ಪುರುಷರ ದಸರಾ ಕೇಸರಿ, ದಸರಾ ಕಂಠೀರವ ಪ್ರಶಸ್ತಿಗಳ ಸಾಲಿಗೆ ಮಹಿಳೆಯರ ದಸರಾ ಕಿಶೋರಿಯೂ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು, ಅದೇ ವರ್ಷ 'ದಂಗಲ್' ಚಿತ್ರ ಬಂದದ್ದು ನಮ್ಮ ಹೆಣ್ಣುಮಕ್ಕಳಲ್ಲೂ ಆಸಕ್ತಿ ಹುಟ್ಟಿಸಿತು. ಹೊಸ ತಲೆಮಾರು ಗ್ಯಾಲರಿಗೆ ಬಾರದಿದ್ದರೆ ಗರಡಿಮನೆಗಳೂ ಉಳಿಯಲಾರವು ಎಂಬುದು ಉಸ್ತಾದರ ಚಿಂತೆ. ವೈದ್ಯನ ಚಿಂತೆ ಬೇರೆ. ಆ ಮಕ್ಕಳು ಅಲ್ಲಿಂದ ಏನನ್ನು ಹೊತ್ತು ಮನೆಗೆ ಬರುತ್ತಾರೆ?

ನೋಡಿ ಕಲಿಯುವ ವಯಸ್ಸು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1961ರಲ್ಲಿ ಶಿಶುವಿಹಾರದ 72 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ದೊಡ್ಡವರೊಬ್ಬರು ಸುತ್ತಿಗೆಯಿಂದ ಬಡಿಯುವುದನ್ನು ಕೆಲವು ಮಕ್ಕಳಿಗೆ ತೋರಿಸಲಾಯಿತು. ಆಮೇಲೆ ಗೊಂಬೆ ಕೈಗೆ ಸಿಕ್ಕಾಗ ಆ ಮಕ್ಕಳು ತಾವು ಕಂಡದ್ದನ್ನೇ, ಅದೇ ಬೈಗುಳದ ಸಮೇತ, ಮಾಡಿ ತೋರಿಸಿದರು. ಇಷ್ಟು ಕೇಳಿದರೆ ತಾಯಿಯ ಭಯವೇ ನಿಜವೆನಿಸುತ್ತದೆ. ಆದರೆ ಕೆಲವು ವರ್ಷಗಳ ನಂತರ ಅವರೇ ನಡೆಸಿದ ಇನ್ನೊಂದು ಪ್ರಯೋಗವನ್ನೂ ನೆನೆಯಬೇಕು. ಹೊಡೆದವರಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಎಂದರೆ ಮಗು ಪೆಟ್ಟನ್ನು ಮಾತ್ರ ನೋಡುವುದಿಲ್ಲ, ಪೆಟ್ಟು ಕೊಟ್ಟವನನ್ನು ಸುತ್ತಲಿನವರು ಹೇಗೆ ಕಂಡರು ಎಂಬುದನ್ನೂ ನೋಡುತ್ತದೆ.

ಈ ದೃಷ್ಟಿಯಿಂದ ನಾಡಕುಸ್ತಿ ಮಕ್ಕಳಿಗೆ ಕೆಟ್ಟ ಪಾಠವೇನಲ್ಲ. ಪೈಲ್ವಾನ ಮಟ್ಟಿಗೆ ಇಳಿಯುವ ಮೊದಲು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ, ಎದುರಾಳಿಯ ಕೈ ಮುಟ್ಟುತ್ತಾನೆ. ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಬಿದ್ದವನನ್ನು ಗೆದ್ದವನೇ ಎಬ್ಬಿಸುತ್ತಾನೆ. ಪರದೆಯ ಮೇಲೆ ಅರ್ಧ ನಿಮಿಷದ ತುಣುಕಿನಲ್ಲಿ ಈ ಹಿಂದುಮುಂದು ಯಾವುದೂ ಕಾಣುವುದಿಲ್ಲ, ಪೆಟ್ಟೊಂದೇ ಕಾಣುತ್ತದೆ.

ಹಾಗೆಂದು ಎಲ್ಲವೂ ಒಂದೇ ಅಲ್ಲ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುವ ಆಚರಣೆ. ಅದರ ಇತಿಹಾಸವನ್ನು ಮಕ್ಕಳಿಗೆ ಹೇಳೋಣ. ಐದಾರು ವರ್ಷದ ಮಗುವಿಗೆ ಟೀವಿಯಲ್ಲಾದರೂ ಅದನ್ನು ಹತ್ತು ಸಲ ತಿರುಗಿಸಿ ತೋರಿಸುವ ಅಗತ್ಯ ನನಗೆ ಕಾಣದು.

ಇನ್ನು ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿಯ ಜೊತೆ ಮನೆಮನೆಗೆ ಬಂದ ಅಮೆರಿಕದ ಪ್ರದರ್ಶನ ಕುಸ್ತಿ. ಅಂದು ಇಸ್ಪೀಟಿನಂಥ ಕಾರ್ಡುಗಳಲ್ಲಿ ಆ ಮಲ್ಲರ ತೂಕ ಎತ್ತರಗಳನ್ನು ಬಾಯಿಪಾಠ ಮಾಡಿದ ಹುಡುಗರೇ ಇಂದು ತಂದೆಯರಾಗಿದ್ದಾರೆ. ಅದರಲ್ಲಿ ಗೆಲ್ಲುವವರು ಸೋಲುವವರು ಮೊದಲೇ ತೀರ್ಮಾನವಾಗಿರುತ್ತಾರೆ. ಬೀಳುವುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ, ಬೀಳುವ ನೆಲವೂ ಪೆಟ್ಟನ್ನು ತಾಳಿಕೊಳ್ಳುವಂತೆ ಕಟ್ಟಿದ್ದು. ಮನೆಯಲ್ಲಿ ಅಣ್ಣ ಮಂಚದ ಮೇಲಿಂದ ತಮ್ಮನ ಮೇಲೆ ಹಾರಿದಾಗ ಕೆಳಗಿರುವುದು ಮೊಸಾಯಿಕ್ ನೆಲ. ಬೇಸಿಗೆ ರಜೆಯಲ್ಲಿ ಮುರಿದ ಕಾಲರ್ ಮೂಳೆಯೊಂದಿಗೆ ಬರುವ ಹುಡುಗರಲ್ಲಿ ಇಂಥವರೂ ಇರುತ್ತಾರೆ. 'ಅದು ನಾಟಕ ಕಣೋ' ಎಂದು ಒಮ್ಮೆ ಬಿಡಿಸಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಕುತ್ತಿಗೆ ಹಿಡಿಯುವ, ತಲೆಕೆಳಗಾಗಿ ಎತ್ತಿ ಹಾಕುವ ಆಟ ಮನೆಯಲ್ಲಿ ಖಡಾಖಂಡಿತ ಬೇಡ.

ತಲೆಗೆ ಗುರಿಯಿಡುವ ಆಟಗಳು

ಬಾಕ್ಸಿಂಗ್, ಕಿಕ್ ಬಾಕ್ಸಿಂಗ್, ಪಂಜರದ ಮಿಶ್ರ ಸಮರ ಕಲೆ ಇವುಗಳ ಮಾತೇ ಬೇರೆ. ಕುಸ್ತಿಯಲ್ಲಿ ತಲೆಗೆ ಪೆಟ್ಟು ಬೀಳುವುದು ಆಕಸ್ಮಿಕ, ಇಲ್ಲಿ ಅದೇ ಗುರಿ. ಮಿದುಳು ಡಬ್ಬಿಯೊಳಗಿನ ಗಟ್ಟಿ ಮೊಸರಿನಂತೆ ತಲೆಬುರುಡೆಯೊಳಗೆ ಕುಳಿತಿರುತ್ತದೆ. ಡಬ್ಬಿ ಒಡೆಯಬೇಕಿಲ್ಲ, ಜೋರಾಗಿ ಕುಲುಕಿದರೂ ಮೊಸರು ಒಡೆಯುತ್ತದೆ. ಹೊರಗೆ ಗಾಯ ಕಾಣುವುದೇ ಇಲ್ಲ. ಹೀಗೆ ವರ್ಷಗಟ್ಟಲೆ ಪೆಟ್ಟು ತಿಂದ ಬಾಕ್ಸರುಗಳಲ್ಲಿ ತೊದಲು, ಮರೆವು, ತೂರಾಟ ಕಾಣಿಸಿಕೊಳ್ಳುವುದನ್ನು ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು 1928ರಲ್ಲೇ ಬರೆದಿಟ್ಟರು. ಮಹಮ್ಮದ್ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು 1984ರಲ್ಲಿ, ನಲವತ್ತೆರಡರ ಪ್ರಾಯದಲ್ಲಿ, ಪತ್ತೆಯಾಯಿತು. ಅದಕ್ಕೆ ಪೆಟ್ಟುಗಳೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲವಾದರೂ ಆ ಚಿತ್ರವನ್ನು ಯಾರೂ ಮರೆತಿಲ್ಲ. ಅಮೆರಿಕ ಮತ್ತು ಕೆನಡಾದ ಮಕ್ಕಳ ತಜ್ಞರ ಸಂಘಗಳು 2011ರಲ್ಲಿ ಜಂಟಿಯಾಗಿ, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಬಾಕ್ಸಿಂಗ್ ಸಲ್ಲದೆಂದು ಹೇಳಿದವು.

ದೂರದ ಮಾತು ಬೇಡ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ 23 ವರ್ಷದ ಯುವಕ ಪೆಟ್ಟು ತಿಂದು ಕುಸಿದುಬಿದ್ದು, ಎರಡು ಮೂರು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಪಂದ್ಯದ ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಆ ಕುಸಿತದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನೋಡಿದವರಲ್ಲಿ ಎಷ್ಟು ಮಕ್ಕಳಿದ್ದರೋ.

ಆದ್ದರಿಂದ ತಲೆಗೆ ಗುರಿಯಿಡುವ ಪಂದ್ಯಗಳಿಗೆ ಹನ್ನೆರಡರ ಒಳಗಿನ ಮಕ್ಕಳನ್ನು ಕರೆದೊಯ್ಯಬೇಡಿ ಎಂದೇ ನನ್ನ ಸಲಹೆ. ಕಾಲೇಜು ಮೆಟ್ಟಿಲು ಹತ್ತಿದ ಮಗ ಹೋಗುತ್ತೇನೆಂದರೆ ತಡೆದು ಪ್ರಯೋಜನವಿಲ್ಲ. ರಿಂಗಿನ ಪಕ್ಕ ವೈದ್ಯರು ಇದ್ದಾರೆಯೇ, ಬಾಗಿಲಲ್ಲಿ ಆಂಬುಲೆನ್ಸ್ ನಿಂತಿದೆಯೇ, ಪಂದ್ಯಕ್ಕೆ ಅಧಿಕೃತ ಕ್ರೀಡಾ ಸಂಸ್ಥೆಯ ಒಪ್ಪಿಗೆ ಇದೆಯೇ ಎಂದು ವಿಚಾರಿಸುವಂತೆ ಹೇಳಿ. ಬಣ್ಣದ ದೀಪಕ್ಕೂ ಧ್ವನಿವರ್ಧಕಕ್ಕೂ ದುಡ್ಡಿರುವ ಸಂಘಟಕರಿಗೆ ಒಂದು ಸ್ಟ್ರೆಚರಿಗೆ ದುಡ್ಡಿಲ್ಲವೆಂದರೆ ಅಂಥ ಕಡೆ ಚಪ್ಪಾಳೆ ತಟ್ಟಲು ನಮ್ಮ ಮಕ್ಕಳು ಹೋಗಬೇಕಿಲ್ಲ.

ಮನೆಯಲ್ಲಿ ಪೆಟ್ಟಾದರೆ

ನೋಡಿ ಬಂದ ಮಕ್ಕಳು ಆಡಿಯೇ ಆಡುತ್ತಾರೆ. ಆಡುವಾಗ ತಲೆಗೆ ಪೆಟ್ಟಾದರೆ ಏನು ಗಮನಿಸಬೇಕೆಂದು ಪ್ರತಿ ಮನೆಯಲ್ಲೂ ತಿಳಿದಿರಬೇಕು. ಪ್ರಜ್ಞೆ ತಪ್ಪಿದರೆ ಮಾತ್ರ ಅಪಾಯ ಎಂಬ ನಂಬಿಕೆ ಸರಿಯಲ್ಲ. ಪ್ರಜ್ಞೆ ತಪ್ಪದೆಯೂ ಮಿದುಳಿಗೆ ಆಘಾತವಾಗಬಹುದು. ಹುಡುಗ ಮಂಕಾಗಿ ಕುಳಿತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ತಲೆನೋವು, ತಲೆಸುತ್ತು, ಬೆಳಕು ಕಂಡರೆ ಕಿರಿಕಿರಿ ಎಂದರೆ ಆ ದಿನ ಆಟ ಅಲ್ಲಿಗೆ ನಿಲ್ಲಬೇಕು ಮತ್ತು ವೈದ್ಯರಿಗೆ ತೋರಿಸಬೇಕು. ಪದೇ ಪದೇ ವಾಂತಿ, ಸೆಳವು, ಎಬ್ಬಿಸಿದರೂ ಏಳದಂಥ ನಿದ್ದೆ, ಕೈಕಾಲಿನಲ್ಲಿ ಬಲಹೀನತೆ, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಆ ಕ್ಷಣವೇ 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವು ಎಂದರೆ ಕುತ್ತಿಗೆಯನ್ನು ನೀವುವುದು, ಎಳೆಯುವುದು ಕೂಡದು. ನೋವಿಗೆಂದು ಆಸ್ಪಿರಿನ್ ಕೊಡಬಾರದು.

ಆಘಾತವಾಗಿದೆಯೆಂದು ವೈದ್ಯರು ಹೇಳಿದರೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಕ್ರಮ ಈಗಿಲ್ಲ. ಒಂದೆರಡು ದಿನ ಸಾಧಾರಣ ವಿಶ್ರಾಂತಿ, ಮೊಬೈಲು ಟೀವಿ ಕಡಿಮೆ, ಮೆಲ್ಲನೆ ಓಡಾಟ, ಅನಂತರ ಹಂತಹಂತವಾಗಿ ಶಾಲೆ. ಆಟ ಕೊನೆಗೆ, ಅದೂ ವೈದ್ಯರು ಒಪ್ಪಿದ ಮೇಲೆ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದರೆ ಮಿದುಳು ಊದಿ ಪ್ರಾಣಕ್ಕೇ ಅಪಾಯವಾಗಬಹುದು. ಇದು ಅಪರೂಪ. ಆದರೆ ಹೀಗಾಗುವುದು ಹೆಚ್ಚಾಗಿ ಎಳೆಯ ವಯಸ್ಸಿನವರಲ್ಲೇ.

ತೂಕದ ಹುಚ್ಚು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲಪಿಯೂ ಕೇವಲ 100 ಗ್ರಾಂ ಹೆಚ್ಚಿದ್ದರೆಂದು ಅನರ್ಹರಾದದ್ದನ್ನು ದೇಶವೆಲ್ಲ ನೋಡಿತು. ಹಿಂದಿನ ರಾತ್ರಿಯೆಲ್ಲ ತೂಕ ಇಳಿಸಲು ಆಕೆ ಪಟ್ಟ ಪಾಡು ಮನೆಮಾತಾಯಿತು. ಅಭಿಮಾನಿ ಮಕ್ಕಳು ಅದರಲ್ಲಿ ಕಂಡದ್ದು ಛಲವನ್ನು. ನೀರು ಕುಡಿಯದೆ, ಬೆವರು ಹರಿಸಿ ಒಂದೇ ದಿನ ಇಳಿಸುವ ತೂಕ ಕೊಬ್ಬಲ್ಲ, ಮೈಯ ನೀರು. ಅದರಿಂದ ಮೂತ್ರಪಿಂಡಕ್ಕೂ ಹೃದಯಕ್ಕೂ ತೊಂದರೆ. ಬೆಳೆಯುವ ಮಕ್ಕಳು ಹೀಗೆ ಮಾಡುತ್ತಿರುವುದು ಕಂಡರೆ ಪಾಲಕರು ಸುಮ್ಮನಿರಬಾರದು. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ, ಚುಚ್ಚುಮದ್ದುಗಳ ವಿಷಯದಲ್ಲಂತೂ ಎರಡನೆಯ ಮಾತಿಲ್ಲ.

ಸಂಘಟಕರಿಗೆ ಎರಡು ಮಾತು

ಹೊಸಬರನ್ನು ಸೆಳೆಯಲು ಸದ್ದು ಹೆಚ್ಚಿಸುವುದೇ ದಾರಿ ಎಂದು ಹಲವರು ತಿಳಿದಂತಿದೆ. ಧ್ವನಿವರ್ಧಕದ ಸಂಗೀತವಿರುವ ಸಭಾಂಗಣಗಳಲ್ಲಿ ಸದ್ದು ಸರಾಸರಿ 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮಲ್ಲಿ ಅಳೆಯುವವರು ಯಾರು? ಮಕ್ಕಳನ್ನು ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರ ಕೂರಿಸಿ. ಮನೆಗೆ ಬಂದ ಮೇಲೂ ಕಿವಿ ಗುಂಯ್‌ಗುಡುತ್ತಿದ್ದರೆ ಮುಂದಿನ ಸಲ ಇನ್ನೂ ದೂರ.

ಮಕ್ಕಳು ಕೂರುವುದು ಸದ್ದಿನಿಂದಲ್ಲ, ಆಟ ಅರ್ಥವಾದರೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಪಟ್ಟಣದ ಮಕ್ಕಳನ್ನು ಹಿಡಿದದ್ದು ಹೀಗೆಯೇ. ಒಂದು ರೇಡಿಗೆ 30 ಸೆಕೆಂಡು, ಪಂದ್ಯಕ್ಕೆ 40 ನಿಮಿಷ, ನಡುನಡುವೆ ವಿವರಣೆ. ಕುಸ್ತಿಯಲ್ಲಿ ಮೈಕು ಹಿಡಿದವರು ಗಣ್ಯರನ್ನು ಸ್ವಾಗತಿಸುವ ಹೊತ್ತಿನಲ್ಲಿ ಅರ್ಧವನ್ನಾದರೂ ಪಟ್ಟುಗಳ ವಿವರಣೆಗೆ ಕೊಟ್ಟರೆ ಎಂಟು ವರ್ಷದವನೂ ಕದಲದೆ ಕೂರುತ್ತಾನೆ.

ಎರಡನೆಯದು ಸಣ್ಣ ವಿಷಯವೆನಿಸಬಹುದು. ಹೆಣ್ಣುಮಕ್ಕಳು ಪಂದ್ಯ ನೋಡಲು ಬರಬೇಕೆಂದರೆ ಮೊದಲು ಬೇಕಾದದ್ದು ಶುಚಿಯಾದ ಶೌಚಾಲಯ. ಅದಿಲ್ಲವೆಂದು ಮಧ್ಯಾಹ್ನದಿಂದ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತ ಹುಡುಗಿಯರಿಗೆ ಮೂತ್ರನಾಳದ ಸೋಂಕು ಬರುವ ಸಂಭವ ಹೆಚ್ಚು. ಜಾತ್ರೆ ಕುಸ್ತಿಗಳಲ್ಲಿ ಮಹಿಳೆಯರಿಗೆಂದು ಆಸನ ಬಿಟ್ಟರೆ ಸಾಲದು. ಗ್ಯಾಲರಿಯ ಮೂಲೆಮೂಲೆಯಲ್ಲಿ ಗುಟ್ಕಾ ಉಗಿಯುವವರನ್ನು ಎಬ್ಬಿಸಿ ಕಳಿಸುವ ಧೈರ್ಯವನ್ನೂ ಸಂಘಟಕರು ತೋರಿಸಬೇಕು.

ಗರಡಿಗೆ ಸೇರುತ್ತೇನೆ ಎಂದರೆ

ನಾಲ್ಕು ಕುಸ್ತಿ ನೋಡಿದ ಹುಡುಗ ತಾನೂ ಗರಡಿಗೆ ಹೋಗುತ್ತೇನೆ ಎನ್ನಬಹುದು. ಸಂತೋಷವೇ. ದಂಡ, ಬಸ್ಕಿ ಹೊಡೆಯುವ ಮಗು ಸೋಫಾದ ಮೇಲೆ ಒರಗಿದ ಮಗುವಿಗಿಂತ ಎಷ್ಟೋ ವಾಸಿ. ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ, ಹೃದಯದ ಸದ್ದು, ಹರ್ನಿಯಾ, ಕಣ್ಣು ಪರೀಕ್ಷಿಸಿಕೊಳ್ಳಿ. ಸಮ ತೂಕದವರೊಂದಿಗೇ ಜೋಡಿ ಕಟ್ಟುವ, ಎಳೆಯರಿಗೆ ತಿಂಗಳುಗಟ್ಟಲೆ ಬೀಳುವುದನ್ನೇ ಕಲಿಸುವ ಉಸ್ತಾದರು ಸಿಕ್ಕರೆ ಅದೃಷ್ಟ. ಕಿವಿ ಉಜ್ಜಿ ಊದಿಕೊಂಡರೆ ಒಂದೆರಡು ದಿನದಲ್ಲೇ ತೋರಿಸಬೇಕು. ತಡವಾದರೆ ಒಳಗೆ ರಕ್ತ ಹೆಪ್ಪುಗಟ್ಟಿ ಕಿವಿ ಹೂಕೋಸಿನಂತೆ ಗಂಟಾಗುತ್ತದೆ. ಗರಡಿಯ ಮಣ್ಣಿಗೆ ಅರಿಸಿನ, ನಿಂಬೆರಸ, ಎಣ್ಣೆ ಬೆರೆಸುವುದು ಒಳ್ಳೆಯ ರೂಢಿಯೇ. ಆದರೆ ಮೈಯಿಂದ ಮೈಗೆ ಅಂಟುವ ಹುಳುಕಡ್ಡಿಯನ್ನು ಅದೊಂದೇ ತಡೆಯಲಾರದು. ಉಗುರು ಕತ್ತರಿಸಿರಬೇಕು, ಅಭ್ಯಾಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ, ಟವೆಲು ಲಂಗೋಟಿ ಅವರವರದೇ, ದಿನಾ ಒಗೆದು ಬಿಸಿಲಿನಲ್ಲಿ ಒಣಗಿಸಿದ್ದು. ಗುಂಡಗೆ ಕೆಂಪಾಗಿ ತುರಿಸುವ ಕಲೆ ಎದ್ದರೆ ವಾಸಿಯಾಗುವವರೆಗೆ ಮಟ್ಟಿಗೆ ಇಳಿಯುವಂತಿಲ್ಲ. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚಬೇಡಿ. ತುರಿಕೆ ನಾಲ್ಕು ದಿನ ಅಡಗುತ್ತದೆ, ಹುಳುಕಡ್ಡಿ ಒಳಗೊಳಗೇ ಹರಡಿ ಮನೆಮಂದಿಗೆಲ್ಲ ಅಂಟುತ್ತದೆ. ಚರ್ಮದ ವೈದ್ಯರು ಬರೆದುಕೊಟ್ಟ ಔಷಧಿಯನ್ನು, ಕಲೆ ಮಾಯವಾದಂತೆ ಕಂಡರೂ ನಿಲ್ಲಿಸದೆ, ಅವರು ಹೇಳಿದಷ್ಟು ದಿನ ಹಚ್ಚಬೇಕು.