ಕಡವೆ ಕೂಗಿದ ಮೇಲೆ

ಹುಲಿ ನೋಡಲು ಹೊರಟವರು ಕ್ಯಾಮೆರಾ, ಟೋಪಿ, ನೀರಿನ ಬಾಟಲಿಗಳನ್ನು ಮರೆಯದೆ ಒಯ್ಯುತ್ತಾರೆ. ನಾಗರಹೊಳೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಕಿವಿ. ಪೊದೆಯೊಳಗೆ ಮಲಗಿದ ಹುಲಿ ಹತ್ತು ಮಾರು ದೂರದಲ್ಲಿದ್ದರೂ ನಮಗೆ ಕಾಣದು. ಮರದ ಮೇಲಿರುವ ಮುಸುವನಿಗೆ ಕಾಣುತ್ತದೆ. ಕೆಮ್ಮಿದ ಹಾಗೆ ಕೂಗಿ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತದೆ. ಜಿಂಕೆ ಕಾಲು ಕುಟ್ಟಿ ಚೂಪಾಗಿ ಕೂಗುತ್ತದೆ. ಜಿಂಕೆ ಸಣ್ಣ ಸದ್ದಿಗೂ ಬೆದರೀತು, ಕಡವೆ ಹಾಗಲ್ಲ. ಅದು ಬಿಡದೆ ಕೂಗಿತೆಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಎಂದೇ ಲೆಕ್ಕ.

ಕಳೆದ ಏಪ್ರಿಲ್‌ನಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಕಬಿನಿ ಕಡೆಯಿಂದ ಸಫಾರಿಗೆ ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ಬೇಸಿಗೆಯಲ್ಲಿ ಹಿನ್ನೀರು ಇಳಿದು, ನೀರು ಬಿಟ್ಟ ಜಾಗದಲ್ಲಿ ಎಳೆಹುಲ್ಲು ಚಿಗುರುತ್ತದೆ. ಆನೆ, ಜಿಂಕೆ, ಕಾಟಿಗಳೆಲ್ಲ ಅಲ್ಲಿಗೆ ಬರುತ್ತವೆ. ಬಿಸಿಲು ತಾಳದ ಹುಲಿಯೂ ನೀರಿಗೆ ಇಳಿಯುತ್ತದೆ. ಮೊದಲ ಒಂದು ಗಂಟೆ ನಮಗೆ ಸಿಕ್ಕಿದ್ದು ಜಿಂಕೆ, ಮತ್ತೆ ಜಿಂಕೆ.

“ಚಿಕ್ಕಮ್ಮಾ, ಬರೀ ಜಿಂಕೇನೇ!” ಎಂದು ಹುಡುಗಿ ಮುಖ ಊದಿಸಿದಳು.

“ಪುಟ್ಟಿ, ಜಿಂಕೆ ಇಲ್ದೆ ಹುಲಿ ಎಲ್ಲಿಂದ ಬರ್ಬೇಕು?” ಎಂದರು ಜೀಪಿನ ಚಾಲಕರು.

ಮಾತು ದಿಟ. ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಹಾಗೆ ತಿಂದರೂ ಹಿಂಡು ಕರಗದಿರಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಅವುಗಳ ಹಿಂದೆ ಎಷ್ಟು ಜಿಂಕೆ, ಕಡವೆ, ಕಾಟಿಗಳಿರಬೇಕು, ನೀವೇ ಗುಣಿಸಿ ನೋಡಿ.

ಅಷ್ಟರಲ್ಲಿ ಕಡವೆ ಕೂಗಿತು. ಚಾಲಕರು ಎಂಜಿನ್ ನಿಲ್ಲಿಸಿದರು. ಮತ್ತೊಂದು ಕೂಗು, ಈ ಸಲ ಕೆರೆಯ ಕಡೆಯಿಂದ. ನಾವು ಅಲ್ಲಿ ತಲುಪುವ ಹೊತ್ತಿಗೆ ಇನ್ನೂ ಮೂರು ಜೀಪು ಬಂದಿದ್ದವು. ಕೆರೆಯಲ್ಲಿ ಹೆಣ್ಣುಹುಲಿ, ಹಿಂಗಾಲು ನೀರಿನಲ್ಲಿಟ್ಟು ಕುಳಿತಿತ್ತು. ನಮ್ಮತ್ತ ನೋಡಲೂ ಇಲ್ಲ. ಕಿವಿಗಳ ಹಿಂದೆ ಎರಡು ಬಿಳಿ ಚುಕ್ಕೆ ಕಂಡವು. ಪಕ್ಕೆಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದು ಹುಲಿಯದು ಇನ್ನೊಂದಕ್ಕೆ ಇರುವುದಿಲ್ಲ. ಶಿವರಾಮ ಕಾರಂತರ ಮಗ, ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿ ಎಣಿಸುವ ಕ್ರಮ ರೂಪಿಸಿದರು.

ಹುಲಿ ಎದ್ದು ದಾರಿಯ ಕಡೆ ನಡೆಯಿತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಹಿಂದೆ ನೋಡಿತು, ಮತ್ತೆ ಜೀಪುಗಳನ್ನು ನೋಡಿತು. ದಾರಿಯ ಆಚೆ ಲಂಟಾನ ಪೊದೆ. ಅಲ್ಲಿಗೆ ಹೋಗಬೇಕಾದ ಜಾಗದಲ್ಲಿ ನಾವೇ ಅಡ್ಡ ನಿಂತಿದ್ದೆವು. ನಮ್ಮ ಚಾಲಕರು ಏನೂ ಹೇಳದೆ ಜೀಪನ್ನು ಹಿಂದಕ್ಕೆ ಬಿಟ್ಟರು.

“ಇದೇನ್ರೀ, ಫೋಟೋ ಸಿಗೋ ಹೊತ್ನಲ್ಲಿ!” ಎಂದರು ಹಿಂದಿನ ಸೀಟಿನವರು. ದುಡ್ಡು ಕೊಟ್ಟು ಬಂದವರಿಗೆ ಹಾಗನ್ನಿಸುವುದು ಸಹಜವೇ.

“ಮರಿ ಇದೆ ಸಾರ್. ದಾರಿ ಕೊಡ್ಬೇಕು.”

ಉಳಿದ ಜೀಪುಗಳೂ ಒಂದೊಂದಾಗಿ ಹಿಂದೆ ಸರಿದವು. ತಾಯಿ ದಾರಿ ದಾಟಿತು. ಅದರ ಹಿಂದೆಯೇ ನಾಯಿ ಗಾತ್ರದ ಎರಡು ಮರಿ, ಒಂದೇ ಓಟ. ಎಲ್ಲರೂ ಹೊರಡಲು ಅಣಿಯಾದರು. ನಮ್ಮವರು ಮಾತ್ರ ಕೀ ತಿರುಗಿಸಲಿಲ್ಲ. ತಾಯಿ ಪೊದೆಯ ಅಂಚಿನಲ್ಲಿ ಇನ್ನೂ ನಿಂತೇ ಇತ್ತು.

ಐದು ನಿಮಿಷವಾಗಿರಬೇಕು. ಕೆರೆಯ ಏರಿಯ ಹಿಂದಿನಿಂದ ಮೂರನೆಯದು ಹೊರಬಂತು. ದಾರಿಯ ನಡುವೆ ಕುಳಿತು ಕಿವಿ ಕೆರೆದುಕೊಂಡಿತು. ಆಮೇಲೆ ತಾಯಿಯ ಕಡೆ ಓಡಿತು. ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಸದ್ದಿಲ್ಲ.

ಕತ್ತಲಾಗುವ ಮೊದಲು ಚೆಕ್‌ಪೋಸ್ಟ್ ಸೇರಿದೆವು. ಏನು ಕಂಡಿತು ಎಂದು ಅಲ್ಲಿನ ಕಾವಲುಗಾರರು ಕೇಳಿದರು. ಚಾಲಕರು ಬಾಯಿ ತೆರೆಯುವ ಮೊದಲೇ ಅವಳು ಕಿಟಕಿಯಿಂದ ಬಗ್ಗಿ ಹೇಳಿದಳು: “ಅಮ್ಮ ಒಂದು, ಮರಿ ಮೂರು. ಜಿಂಕೆ ನೂರಾ ಹನ್ನೆರಡು.”