ಕಿಟಕಿ ದಾಟಿದ ಮೀನೆಷ್ಟು, ನದಿಗೆ ಬಂದದ್ದೆಷ್ಟು?

ಕೆಆರ್‌ಎಸ್‌ಗೆ ಇವತ್ತು ಎಷ್ಟು ಕ್ಯೂಸೆಕ್ ಒಳಹರಿವು ಎಂದು ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದೊಡನೆ ನೋಡುವುದು ಮಂಡ್ಯದ ಕಡೆಯ ರೈತರಿಗೆ ರೂಢಿ. ಅಮೆರಿಕದ ವಾಷಿಂಗ್ಟನ್ ನಗರದ ಪಕ್ಕದಲ್ಲೇ ಹರಿಯುವ ಪೊಟೊಮ್ಯಾಕ್ ನದಿಗೆ ಏಪ್ರಿಲ್ ತಿಂಗಳಲ್ಲಿ ಗಾಳ ಹಿಡಿದು ಹೊರಡುವವರೂ ಎದ್ದ ಕೂಡಲೇ ನೋಡುವುದು ಅದೇ ಕ್ಯೂಸೆಕ್ ಲೆಕ್ಕವನ್ನು. ಅವರಿಗೆ ಬೇಕಾದದ್ದು ಗದ್ದೆಗೆ ನೀರಲ್ಲ, ಶ್ಯಾಡ್ ಎಂಬ ಮೀನು. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ವಸಂತದಲ್ಲಿ ನದಿ ಹತ್ತಿ ಬರುವ ಬೆಳ್ಳಿ ಬಣ್ಣದ ಮೀನು ಇದು.

ಆ ನದಿಯ ಲಿಟ್ಲ್ ಫಾಲ್ಸ್ ಎಂಬಲ್ಲಿ ಯುಎಸ್‌ಜಿಎಸ್ ಎಂಬ ಸರ್ಕಾರಿ ಸಂಸ್ಥೆಯ ಮಾಪಕವಿದೆ. ಅದು ನೇರವಾಗಿ ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಹರಿವನ್ನು ಲೆಕ್ಕ ಹಾಕಿ ತೆಗೆಯಬೇಕು. ಸಂಸ್ಥೆಯ ಸಿಬ್ಬಂದಿ ನೀರು ಏರಿದಾಗಲೂ ಇಳಿದಾಗಲೂ ಹೋಗಿ ನದಿಯ ಅಗಲ, ಆಳ, ವೇಗ ಅಳೆದು, ಇಷ್ಟು ಮಟ್ಟಕ್ಕೆ ಇಷ್ಟು ಕ್ಯೂಸೆಕ್ ಎಂಬ ಪಟ್ಟಿ ಮಾಡಿಟ್ಟಿರುತ್ತಾರೆ. ಮಟ್ಟ ಉಪಗ್ರಹದ ಮೂಲಕ ಬರುತ್ತದೆ, ಪಟ್ಟಿ ನೋಡಿ ಕಂಪ್ಯೂಟರ್ ಹರಿವನ್ನು ಹೇಳುತ್ತದೆ. ಪ್ರವಾಹದಲ್ಲಿ ನದಿಯ ತಳ ಕೊಚ್ಚಿಹೋದರೆ ಹಳೆಯ ಪಟ್ಟಿ ಸುಳ್ಳಾಗುತ್ತದೆ, ಮತ್ತೆ ಅಳೆಯಬೇಕು. ಈ ಸಂಸ್ಥೆ ಇಂಥ ಮೊದಲ ಮಾಪನ ಕೇಂದ್ರವನ್ನು ತೆರೆದದ್ದು 1889ರಲ್ಲಿ, ನ್ಯೂ ಮೆಕ್ಸಿಕೋದ ಎಂಬುಡೊ ಎಂಬಲ್ಲಿ. ನೀರಾವರಿಗೆಂದು ಹುಟ್ಟಿದ ವ್ಯವಸ್ಥೆ ಗಾಳಗಾರರ ಪಂಚಾಂಗವಾಗುತ್ತದೆಂದು ಅಂದು ಯಾರೂ ಎಣಿಸಿರಲಾರರು.

ಲಿಟ್ಲ್ ಫಾಲ್ಸ್‌ನ ಕೆಳಗೆ ಫ್ಲೆಚರ್ಸ್ ಕೋವ್ ಎಂಬ ಕಡವಿದೆ. ಅಲ್ಲಿ ಮರದ ಹುಟ್ಟುದೋಣಿಗಳು ಬಾಡಿಗೆಗೆ ಸಿಗುತ್ತವೆ. ನದಿ ಉಕ್ಕಿದ ದಿನ ದೋಣಿ ಕೊಡುವುದಿಲ್ಲ. ಕೊಟ್ಟರೂ ಪ್ರಯೋಜನವಿಲ್ಲ, ಕೆಸರು ನೀರಿನಲ್ಲಿ ಮೀನಿಗೆ ಗಾಳ ಕಾಣುವುದಿಲ್ಲ. ನೀರು ತೀರಾ ಇಳಿದು ತಿಳಿಯಾದರೂ ಕಷ್ಟ, ಬೆಳಕಿಗೆ ಅಂಜಿ ಮೀನು ಆಳಕ್ಕೆ ಸರಿಯುತ್ತದೆ. ಸಂಜೆಯ ಹೊತ್ತು, ಮಧ್ಯಮ ಹರಿವು, ಸೆಳವೂ ನಿಂತ ನೀರೂ ಕೂಡುವ ಗೆರೆ. ಇವು ಮೂರೂ ಕೂಡಿಬಂದರೆ ಶ್ಯಾಡ್ ಸಿಕ್ಕಿತೆಂದೇ ಲೆಕ್ಕ. ಗಾಳಕ್ಕೆ ಕಟ್ಟುವುದು ಸೀಸದ ಪುಟ್ಟ ತಲೆಗೆ ಕೆಂಪು-ಬಿಳಿ ಬಣ್ಣ ಬಳಿದು, ಹಿಂದೆ ಒಂದಷ್ಟು ಕೂದಲು ಸುತ್ತಿದ ಡಾರ್ಟ್. ಅದು ಹುಳುವನ್ನೂ ಹೋಲುವುದಿಲ್ಲ, ಮರಿಮೀನನ್ನೂ ಹೋಲುವುದಿಲ್ಲ. ಸೋಜಿಗವೆಂದರೆ ನದಿಗೆ ಬಂದ ಶ್ಯಾಡ್ ಹೆಚ್ಚುಕಡಿಮೆ ಉಪವಾಸದಲ್ಲಿರುತ್ತದೆ. ಆದರೂ ಡಾರ್ಟ್‌ಗೆ ಬಾಯಿ ಹಾಕುತ್ತದೆ. ಸಿಟ್ಟಿಗೆ ಕಚ್ಚುತ್ತದೆ ಎನ್ನುವವರಿದ್ದಾರೆ, ಸಮುದ್ರದಲ್ಲಿ ತಿಂದ ಚಾಳಿ ಎನ್ನುವವರೂ ಇದ್ದಾರೆ. ಬಾಯಿಯ ಪಕ್ಕದ ಚರ್ಮ ಎಷ್ಟು ತೆಳುವೆಂದರೆ ಜೋರಾಗಿ ಎಳೆದರೆ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಪೊಟೊಮ್ಯಾಕ್‌ನಲ್ಲಿ ಹಿಡಿದ ಶ್ಯಾಡನ್ನು ಮನೆಗೆ ಒಯ್ಯುವ ಹಾಗಿಲ್ಲ. ಸಂತತಿ ಕುಸಿದು 1982ರಿಂದಲೇ ನಿಷೇಧವಿದೆ. ಹಿಡಿ, ನೋಡು, ಬಿಡು.

ಶ್ಯಾಡ್ ನಮ್ಮ ಬೂತಾಯಿಗೂ ಬಂಗಾಳಿಗಳ ಹಿಲ್ಸಾಕ್ಕೂ ದೂರದ ಬಂಧು. ಹಿಲ್ಸಾದಂತೆ ಇದರ ಮೈತುಂಬ ಮುಳ್ಳು, ಹಿಲ್ಸಾದಂತೆ ಇದರ ತತ್ತಿಗೂ ಬೇಡಿಕೆ. ದಕ್ಷಿಣದ ಫ್ಲೋರಿಡಾದ ಸೇಂಟ್ ಜಾನ್ಸ್ ನದಿಯಿಂದ ಕೆನಡಾದ ಸೇಂಟ್ ಲಾರೆನ್ಸ್‌ವರೆಗೆ ಇಡೀ ಪೂರ್ವ ಕರಾವಳಿ ಇದರ ತವರು. ಮರಿ ನದಿಯಲ್ಲಿ ಹುಟ್ಟಿ, ಶರತ್ಕಾಲದಲ್ಲಿ ನೀರು ತಣ್ಣಗಾದಾಗ ಸಮುದ್ರಕ್ಕೆ ಇಳಿಯುತ್ತದೆ. ಮೂರರಿಂದ ಆರು ವರ್ಷಕ್ಕೆ ಬೆಳೆದು, ಹುಟ್ಟಿದ ನದಿಗೇ ಮರಳುತ್ತದೆ. ದಕ್ಷಿಣದ ನದಿಗಳ ಶ್ಯಾಡ್ ಒಮ್ಮೆ ಮೊಟ್ಟೆಯಿಟ್ಟು ಸತ್ತುಹೋಗುತ್ತವೆ. ಉತ್ತರದ ನದಿಗಳವು ಹಲವು ಬಾರಿ ಬಂದು ಹೋಗುತ್ತವೆ. ಎಷ್ಟು ಬಾರಿ ಬಂದಿತ್ತೆಂದು ಮೀನಿನ ಹುರುಪೆಯೇ ಹೇಳುತ್ತದೆ. ನದಿಯಲ್ಲಿ ಉಪವಾಸ ಇರುವಾಗ ದೇಹ ಹುರುಪೆಯ ಅಂಚನ್ನೇ ಕರಗಿಸಿಕೊಳ್ಳುತ್ತದೆ. ಸಮುದ್ರಕ್ಕೆ ಮರಳಿ ಮತ್ತೆ ಬೆಳೆದಾಗ ಆ ಜಾಗದಲ್ಲಿ ಗಾಯದ ಕಲೆಯಂಥ ಉಂಗುರ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಉಂಗುರ ಎಣಿಸಿದರೆ ಬಾಣಂತನದ ಲೆಕ್ಕ ಸಿಕ್ಕಿತು.

ಇವು ಹೊರಡುವ ಮುಹೂರ್ತ ಇಡುವುದು ನೀರಿನ ಉಷ್ಣತೆ. ನದಿ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮೊದಲ ಗುಂಪು ಕಾಣಿಸುತ್ತದೆ. ಹೆಚ್ಚಿನ ಮೊಟ್ಟೆ ಬೀಳುವುದು 14ರಿಂದ 20ರ ನಡುವೆ. ನಡುವೆ ಎರಡು ದಿನ ಚಳಿಗಾಳಿ ಬೀಸಿ ನೀರು ಎರಡು-ಮೂರು ಡಿಗ್ರಿ ಇಳಿದರೆ ಸಾಲು ನಿಂತೇ ಬಿಡುತ್ತದೆ. ನದಿದಂಡೆಯ ಒಂದು ಪೊದೆಗಿಡ ಬಿಳಿ ಹೂ ಬಿಟ್ಟರೆ ಶ್ಯಾಡ್ ಬಂತೆಂದು ಹಳೆಯ ಕಾಲದ ಜನ ಬಲೆ ತೆಗೆಯುತ್ತಿದ್ದರು. ಗಿಡಕ್ಕೂ ಮೀನಿಗೂ ಸಂಬಂಧವಿಲ್ಲ, ಎರಡೂ ಬಿಸಿಲಿಗೆ ಉತ್ತರ ಕೊಡುತ್ತಿವೆ ಅಷ್ಟೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಮೌಂಟ್ ವರ್ನನ್ ಜಮೀನು ಇದೇ ಪೊಟೊಮ್ಯಾಕ್ ದಂಡೆಯಲ್ಲಿತ್ತು. ವಸಂತ ಬಂದರೆ ಅವನ ಆಳುಗಳು, ಗುಲಾಮರು ಸೇರಿ, ಬಲೆ ಎಳೆದು ಮೀನನ್ನು ಪೀಪಾಯಿಗಳಲ್ಲಿ ಉಪ್ಪು ಹಾಕಿಡುತ್ತಿದ್ದರು.

ಮೀನು ಬಂದಿದೆ ಎಂದು ತಿಳಿಯುವುದು ಸುಲಭ. ಎಷ್ಟು ಬಂದಿದೆ ಎನ್ನುವುದೇ ಕಷ್ಟದ ಪ್ರಶ್ನೆ.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕನೆಕ್ಟಿಕಟ್ ನದಿಗೆ ಅಡ್ಡಲಾಗಿ ಹೋಲಿಯೋಕ್ ಎಂಬಲ್ಲಿ 30 ಅಡಿ ಎತ್ತರದ ಅಣೆಕಟ್ಟೆ ಇದೆ. ಕಾಗದ ಮತ್ತು ಬಟ್ಟೆ ಗಿರಣಿಗಳಿಗಾಗಿ 1849ರಲ್ಲಿ ಅಲ್ಲಿ ನದಿಯನ್ನು ತಡೆದರು. ನದಿಗೆ ಕಟ್ಟೆಗಳೇ ಇಲ್ಲದಿದ್ದ ಕಾಲದಲ್ಲಿ ಶ್ಯಾಡ್ ಸಮುದ್ರದಿಂದ 280 ಕಿಲೋಮೀಟರ್ ದೂರದ ಬೆಲ್ಲೋಸ್ ಫಾಲ್ಸ್‌ವರೆಗೆ ಹೋಗುತ್ತಿತ್ತು. ಆಮೇಲೆ ಅರ್ಧ ದಾರಿಯಲ್ಲೇ ಗೋಡೆ. ಸಾಲ್ಮನ್‌ಗಾದರೆ ಮೆಟ್ಟಿಲು ಮೆಟ್ಟಿಲಾಗಿ ನೀರು ಬೀಳುವ ಮೀನೇಣಿ ಕಟ್ಟಿಕೊಟ್ಟರೆ ಜಿಗಿದು ಹೋಗುತ್ತದೆ. ಶ್ಯಾಡ್ ಜಿಗಿಯುವ ಜಾತಿಯಲ್ಲ. ಗುಂಪು ಬಿಡದು, ನೊರೆ ಮತ್ತು ಸುಳಿ ಕಂಡರೆ ಹಿಂಜರಿಯುತ್ತದೆ. ಹಾಗಾಗಿ 1955ರಲ್ಲಿ ಹೋಲಿಯೋಕ್‌ನಲ್ಲಿ ಲಿಫ್ಟ್ ಕಟ್ಟಿದರು.

ಲಿಫ್ಟ್ ಕೆಲಸ ಮಾಡುವ ಬಗೆ ನೋಡುವಂಥದ್ದು. ಕಟ್ಟೆಯ ಬುಡದಲ್ಲಿ ಒಂದು ಕಾಲುವೆಯ ಬಾಯಿಂದ ರಭಸವಾಗಿ ನೀರು ಬಿಡುತ್ತಾರೆ. ಹರಿವಿಗೆ ಎದುರಾಗಿ ಈಜುವುದೇ ಗೊತ್ತಿರುವ ಮೀನು ಅದೇ ನದಿಯೆಂದುಕೊಂಡು ಒಳನುಗ್ಗುತ್ತದೆ. ಒಳಗೆ ಬಂದವು ಹಿಂದೆ ಹೋಗದಂತೆ ಗೇಟು ಮುಚ್ಚಿಕೊಂಡು, ನಿಧಾನಕ್ಕೆ ಮುಂದೆ ದೂಡುತ್ತದೆ. ಮುಂದೆ ನೆಲದಲ್ಲಿ ಹುದುಗಿಸಿಟ್ಟ ಲೋಹದ ತೊಟ್ಟಿ. ತೊಟ್ಟಿ ಮೀನು-ನೀರು ಸಮೇತ ಮೇಲೇರಿ, ಕಟ್ಟೆಗಿಂತ ಎತ್ತರದಲ್ಲಿರುವ ಕಾಲುವೆಗೆ ಸುರಿಯುತ್ತದೆ. ಆ ಕಾಲುವೆಯ ಒಂದು ಪಕ್ಕ ಗಾಜಿನ ಕಿಟಕಿ. ಕಿಟಕಿಯ ಎದುರು ಮೀನು ಜಾತಿವಾರು ಎಣಿಕೆಯಾಗುತ್ತದೆ. 1992ರಲ್ಲಿ ಇಲ್ಲಿ ದಾಟಿದ ಶ್ಯಾಡ್ 7 ಲಕ್ಷಕ್ಕೂ ಹೆಚ್ಚು.

ಇಲ್ಲೇ ಎಡವುವುದು. ಕಿಟಕಿಯ ಸಂಖ್ಯೆ ಹೇಳುವುದು ದಾಟಿದ ಮೀನನ್ನು, ಬಂದ ಮೀನನ್ನಲ್ಲ. ಮೇ ತಿಂಗಳಲ್ಲಿ ಜೋರು ಮಳೆಯಾಗಿ ನದಿ ಉಕ್ಕಿದರೆ ಲಿಫ್ಟ್ ನಿಲ್ಲಿಸಬೇಕಾಗುತ್ತದೆ. ಆ ದಿನಗಳಲ್ಲಿ ಮೀನು ಕಟ್ಟೆಯ ಕೆಳಗೇ ಸುಳಿದಾಡಿ, ಕೆಲವು ಅಲ್ಲೇ ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ವರದಿಯಲ್ಲಿ ಮಾತ್ರ ಆ ವರ್ಷ ಮೀನು ಕಡಿಮೆ. ಹೋಲಿಯೋಕ್ ದಾಟಿದ್ದಕ್ಕೆ ಮುಂದೆ ಟರ್ನರ್ಸ್ ಫಾಲ್ಸ್ ಎಂಬ ಇನ್ನೊಂದು ಕಟ್ಟೆ ಕಾದಿದೆ. ಅಲ್ಲಿನ ಮೀನೇಣಿಗಳಲ್ಲಿ ಬಹುಪಾಲು ವರ್ಷ, ಹೋಲಿಯೋಕ್ ದಾಟಿದವುಗಳ ಹತ್ತರಲ್ಲೊಂದು ಪಾಲೂ ಮೇಲೇರುತ್ತಿರಲಿಲ್ಲ. ಎರಡೂ ಕಡೆ ಎಣಿಸಿದ್ದು ಅದೇ ನದಿಯ ಅದೇ ಮೀನನ್ನು. ವ್ಯತ್ಯಾಸ ಹೇಳುವುದು ಕಟ್ಟೆಯ ಕತೆಯನ್ನು. ಹಾಗೆಂದು ಎಣಿಕೆ ವ್ಯರ್ಥವೆಂದಲ್ಲ. ಶ್ಯಾಡ್‌ನ ತಮ್ಮನಂಥ ಬ್ಲೂಬ್ಯಾಕ್ ಹೆರಿಂಗ್ 1985ರಲ್ಲಿ ಇದೇ ಲಿಫ್ಟ್‌ನಲ್ಲಿ 6 ಲಕ್ಷ ಮೀರಿತ್ತು. ಇಪ್ಪತ್ತು ವರ್ಷದಲ್ಲಿ ಕೆಲವು ನೂರಕ್ಕೆ ಇಳಿಯಿತು. ಯಾವ ಮಳೆಯೂ ಅದಕ್ಕೆ ಸಬೂಬಾಗದು. ಒಂದು ವರ್ಷದ ಅಂಕಿಯನ್ನು ನಾನು ನಂಬುವುದಿಲ್ಲ, ಇಪ್ಪತ್ತು ವರ್ಷದ ಇಳಿತವನ್ನು ನಂಬುತ್ತೇನೆ.

ಲಿಫ್ಟ್ ಇಲ್ಲದ ಸಣ್ಣ ಹೊಳೆಗಳಲ್ಲಿ ಎಣಿಸುವವರು ಊರಿನವರೇ. ಮ್ಯಾಸಚೂಸೆಟ್ಸ್‌ನ ಪದ್ಧತಿಯಲ್ಲಿ ಸ್ವಯಂಸೇವಕರು ಮೀನೇಣಿಯ ಮೇಲ್ತುದಿಯಲ್ಲಿ ಹತ್ತು ನಿಮಿಷ ನಿಂತು, ಕೈಯಲ್ಲಿ ಕ್ಲಿಕ್ಕರ್ ಒತ್ತುತ್ತಾ ಎಣಿಸುತ್ತಾರೆ. ಅಲ್ಲಿ ಎಣಿಸುವ ಹೆರಿಂಗ್‌ನ ಬೆನ್ನು ಕಡು ಬಣ್ಣದ್ದು, ಹೊಳೆಯ ತಳವೂ ಕಪ್ಪು. ಅದಕ್ಕೇ ತಳದಲ್ಲಿ ಬಿಳಿ ಹಲಗೆ ಹಾಸಿರುತ್ತಾರೆ. ಕೆಳಗೆ ಜಾರಿ ಹೋದ ಮೀನನ್ನು ಕಳೆಯಬೇಕು. ಒಂದೂ ಕಾಣದಿದ್ದರೆ ಸೊನ್ನೆಯೆಂದು ಬರೆಯಲೇಬೇಕು. ಸೊನ್ನೆ ಬರೆಯಲು ಬೇಸರಪಟ್ಟವರಿಂದ ಇಡೀ ಋತುವಿನ ಲೆಕ್ಕ ಉಬ್ಬುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಹಂಚಿ ಹತ್ತು ನಿಮಿಷಗಳ ಎಣಿಕೆ ಸಾಕಷ್ಟಾದರೆ, ಉಳಿದ ಹೊತ್ತಿನ ಅಂದಾಜನ್ನು ಸಂಖ್ಯಾಶಾಸ್ತ್ರ ತೆಗೆದುಕೊಡುತ್ತದೆ. ಬಾಸ್ಟನ್ ಬಳಿಯ ಮಿಸ್ಟಿಕ್ ನದಿಯಲ್ಲಿ 2012ರಲ್ಲಿ ಮೀನೇಣಿ ಬಂತು, ಆಮೇಲೆ ನೀರಿನೊಳಗೆ ಕ್ಯಾಮೆರಾವೂ ಬಂತು. ಅದರ ತುಣುಕು ವಿಡಿಯೊಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಿ ಎಣಿಸಬಹುದು. ಬಾಸ್ಟನ್ ಕನ್ನಡಿಗರೇ ಆಗಬೇಕೆಂದಿಲ್ಲ, ಮಳವಳ್ಳಿಯಲ್ಲಿ ಕೂತವರಿಗೂ ಅಡ್ಡಿಯಿಲ್ಲ.

ಕೆಸರು ನದಿಯಲ್ಲಿ ಕಣ್ಣು, ಕ್ಯಾಮೆರಾ ಎರಡೂ ಕೆಲಸಕ್ಕೆ ಬಾರವು. ಅಲ್ಲಿ ಶಬ್ದದಿಂದ ಚಿತ್ರ ಬಿಡಿಸುವ ಸೋನಾರ್ ಇಡುತ್ತಾರೆ. ಇದನ್ನು ಶ್ಯಾಡ್‌ಗೆ ಬಳಸುವಾಗ ಒಂದು ಎಚ್ಚರ ಬೇಕು. ಮನುಷ್ಯನ ಕಿವಿ ಕೇಳುವುದು ಸೆಕೆಂಡಿಗೆ 20 ಸಾವಿರ ಕಂಪನದವರೆಗೆ. ಹೆಚ್ಚಿನ ಮೀನುಗಳಿಗೆ ಒಂದೆರಡು ಸಾವಿರ ದಾಟಿದರೆ ಕಿವುಡು. ಶ್ಯಾಡ್ ಮಾತ್ರ 1 ಲಕ್ಷದ 80 ಸಾವಿರದವರೆಗಿನ ಶಬ್ದಕ್ಕೂ ಪ್ರತಿಕ್ರಿಯಿಸುತ್ತದೆಂದು 1997ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಡಾಲ್ಫಿನ್ ಬೇಟೆ ಹುಡುಕಲು ಹೊರಡಿಸುವ ಕ್ಲಿಕ್ ಶಬ್ದ ಈ ಮಿತಿಯೊಳಗೇ ಬರುತ್ತದೆ. ತಿನ್ನುವವನ ದನಿ ಕೇಳುವಂತೆ ಕಿವಿ ಬೆಳೆದಿದೆ ಎಂಬುದು ಅವರ ವಿವರಣೆ. ಇದೇ ಗುಣ ಬಳಸಿ ವಿದ್ಯುತ್ ಸ್ಥಾವರಗಳು ನೀರು ಸೆಳೆಯುವ ಬಾಯಿಯಿಂದ ಶ್ಯಾಡ್‌ನ ಬಂಧುಗಳನ್ನು ಶಬ್ದ ಮಾಡಿ ಓಡಿಸಿದ್ದೂ ಉಂಟು. ಎಣಿಸಲು ಬಂದವರು ಮೀನನ್ನು ಓಡಿಸಬಾರದಲ್ಲ. ಚಿತ್ರ ಬಿಡಿಸುವ ಸೋನಾರ್ 10 ಲಕ್ಷಕ್ಕೂ ಮೇಲಿನ ಕಂಪನದಲ್ಲಿ ಕೆಲಸ ಮಾಡುವುದರಿಂದ ಶ್ಯಾಡ್‌ಗೆ ಅದು ಕೇಳುವುದಿಲ್ಲ.

ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ಗಾಜಿನ ಗುರುತುಬಿಲ್ಲೆಯನ್ನು ಮೀನಿನ ಹೊಟ್ಟೆಯೊಳಗೆ ಸೇರಿಸುವ ವಿಧಾನವೂ ಇದೆ. ಅದರಲ್ಲಿ ಬ್ಯಾಟರಿ ಇಲ್ಲ. ಮೀನೇಣಿಯಲ್ಲಿಟ್ಟ ಆಂಟೆನಾದ ಹತ್ತಿರ ಬಂದಾಗ ಮಾತ್ರ ತನ್ನ ಸಂಖ್ಯೆ ಹೇಳುತ್ತದೆ. ಎಷ್ಟು ಮೀನು ಏಣಿಯ ಬಾಗಿಲಿಗೆ ಬಂದು, ದಾಟದೆ ಮರಳಿದವು ಎಂಬುದು ಹೊರಬಿದ್ದದ್ದು ಇಂಥ ಬಿಲ್ಲೆಗಳಿಂದಲೇ. ಕಿಟಕಿಯ ಲೆಕ್ಕಕ್ಕೆ ಕಾಣದ ಮೀನು ಅದು.

ಪೂರ್ವ ಕರಾವಳಿಯ ರಾಜ್ಯಗಳ ಮೀನುಗಾರಿಕೆ ಆಯೋಗ 2020ರಲ್ಲಿ ಮಾಡಿದ ಮೌಲ್ಯಮಾಪನದಲ್ಲಿ ಶ್ಯಾಡ್ ಸಂತತಿ ಕರಾವಳಿಯುದ್ದಕ್ಕೂ ಬರಿದಾಗಿದೆ ಎಂದೇ ತೀರ್ಮಾನವಾಯಿತು. ತಮಾಷೆಯೆಂದರೆ ಇದೇ ಮೀನನ್ನು 1871ರಲ್ಲಿ ರೈಲಿನಲ್ಲಿ ಒಯ್ದು ಪಶ್ಚಿಮದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಗೆ ಬಿಟ್ಟಿದ್ದರು. ಅದು ತಾನಾಗಿ ಕರಾವಳಿ ಹಿಡಿದು ಕೊಲಂಬಿಯಾ ನದಿ ಸೇರಿತು. ಅಲ್ಲಿ 1938ರಿಂದ ಮೀನೆಣಿಕೆ ನಡೆಯುತ್ತಿರುವ ಬಾನೆವಿಲ್ ಅಣೆಕಟ್ಟೆಯನ್ನು 2019ರಲ್ಲಿ ದಾಟಿದ ಶ್ಯಾಡ್ 70 ಲಕ್ಷಕ್ಕೂ ಹೆಚ್ಚು. ತವರಿನಲ್ಲಿ ಗೋಳು, ಪರಸ್ಥಳದಲ್ಲಿ ಜಾತ್ರೆ. ಕಟ್ಟೆಯನ್ನೇ ತೆಗೆದ ಕಡೆ ತವರಲ್ಲೂ ಕಳೆ ಬಂದಿದೆ. ಮೇನ್ ರಾಜ್ಯದ ಕೆನೆಬೆಕ್ ನದಿಯ ಎಡ್ವರ್ಡ್ಸ್ ಅಣೆಕಟ್ಟೆಯನ್ನು 1999ರಲ್ಲಿ ಒಡೆದರು, 2008ರಲ್ಲಿ ಅದರ ಉಪನದಿಯ ಇನ್ನೊಂದನ್ನೂ ತೆಗೆದರು. ಈಗ ಆ ಉಪನದಿಯಲ್ಲಿ ವಸಂತಕ್ಕೆ ಹೆರಿಂಗ್ ಹತ್ತಾರು ಲಕ್ಷದ ಲೆಕ್ಕದಲ್ಲಿ ಏರುತ್ತದೆ.

ನಮ್ಮಲ್ಲಿ ಶ್ಯಾಡ್ ಇಲ್ಲ. ಆದರೆ ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯುವಾಗ, ಹೊಳೆಯ ಮೀನು ಮೊಟ್ಟೆ ತುಂಬಿಕೊಂಡು ತೋಡು ಹಿಡಿದು ಗದ್ದೆಗೆ ಹತ್ತುತ್ತವೆ. ಅವು ಸಮುದ್ರದಿಂದ ಬಂದವಲ್ಲ, ಮುಹೂರ್ತ ಇಡುವುದೂ ಬಿಸಿಲಲ್ಲ, ಮಳೆ. ಮೀನು ಹಿಡಿಯುವ ಕೂಣಿ ಒಡ್ಡಿ ಕೂರುವ ಹಿರಿಯರಿಗೆ ಯಾವ ಮಳೆಗೆ, ಯಾವ ಹೊತ್ತಿಗೆ ಹತ್ತುತ್ತದೆ ಎಂಬ ಅಂದಾಜು ಬಾಯಲ್ಲೇ ಇರುತ್ತದೆ. ಬರಹಕ್ಕೆ ಬಂದರೆ ಮಾತ್ರ ಅದು ಇಪ್ಪತ್ತು ವರ್ಷದ ಲೆಕ್ಕವಾದೀತು. ಈ ಜೂನ್‌ನಲ್ಲಿ ನಿಮ್ಮ ಮನೆಯ ಹತ್ತಿರ ಹಳ್ಳವಿದ್ದರೆ ಒಂದು ನೋಟ್‌ಬುಕ್ ಇಡಿ. ಮೊದಲ ಮೀನು ಹತ್ತಿದ ದಿನ ಮತ್ತು ಹೊತ್ತು, ಹಿಂದಿನ ದಿನದ ಮಳೆ, ಕೆಳಗೆ ಕಿಂಡಿ ಅಣೆಕಟ್ಟು ಇದ್ದರೆ ಹಲಗೆ ತೆಗೆದ ದಿನ, ಹತ್ತು ನಿಮಿಷದಲ್ಲಿ ಕಂಡ ಮೀನು. ಇಷ್ಟು ಬರೆದರೆ ಸಾಕು. ಏನೂ ಕಾಣದ ದಿನ ಸೊನ್ನೆ ಬರೆಯುವುದನ್ನು ಮರೆಯಬೇಡಿ.