ಮಂದಿಯೊಳಗಿನ ಜನರಲ್

ನಮ್ಮ ವಿಜಯಪುರದ ಜೋರಾಪುರ ಪೇಟೆಯಂಥ ಹಳೆಯ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಾಗಲಿ, ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹಿರಿಯರಿಗೆ ಒಂದು ಬೇರೆಯೇ ಮರ್ಯಾದೆ. ಲಗ್ನದ ಮಾತುಕತೆಗೂ ಅವರು ಬೇಕು, ಆಗಸ್ಟ್ 15ರ ಧ್ವಜಾರೋಹಣಕ್ಕೂ ಅವರೇ ಬೇಕು. ಊರಿಗೆ ಮರಳಿದ ಮೇಲೆ ಮಂದಿಯನ್ನು ಹಚ್ಚಿಕೊಂಡ ಸೈನಿಕರು ಬಹಳ. ಆದರೆ ಅದೇ ಗುಣವನ್ನು ರಣರಂಗಕ್ಕೂ ಒಯ್ದು, ಅದರಿಂದಲೇ ಗೆದ್ದವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1906ರ ಮಾರ್ಚ್‌ನಲ್ಲಿ ಮಡಿಕೇರಿಯ ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದರು. ಮನೆಯವರಿಗೆ ‘ದುಬ್ಬು’, ಸೈನ್ಯಕ್ಕೆ ‘ಟಿಮ್ಮಿ’. ಅವರದೇ ಕೊಡಂದೇರ ಮನೆತನದ ಹೆಸರು ಹೊತ್ತ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಶಿಸ್ತಿನ ಮನುಷ್ಯ. ಎದುರು ನಿಂತವರು ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು. ತಿಮ್ಮಯ್ಯ ಹಾಗಲ್ಲ. ಪಕ್ಕದಲ್ಲಿ ಕುಳಿತು ಮಾತಾಡಿಸುವ ಜಾಯಮಾನ ಅವರದು.

ಬ್ರಿಟಿಷರ ಸಮವಸ್ತ್ರ ತೊಟ್ಟ ದೇಶಭಕ್ತನ ಇಕ್ಕಟ್ಟು ಸಣ್ಣದಲ್ಲ. ಅಲಹಾಬಾದಿನ ಒಂದು ಪ್ರಸಂಗವನ್ನು ಸೈನ್ಯದಲ್ಲಿ ಈಗಲೂ ಹೇಳುತ್ತಾರೆ. ಈ ಬಟ್ಟೆಯಲ್ಲಿ ಹೇಗನ್ನಿಸುತ್ತದೆ ಎಂದು ಮೋತಿಲಾಲ್ ನೆಹರು ಕೆಣಕಿದಾಗ, ಬಹಳ ಸೆಕೆ ಎಂದರಂತೆ ಈ ತರುಣ ಅಧಿಕಾರಿ. ನೌಕರಿ ಬಿಡುವ ಯೋಚನೆಯಲ್ಲಿದ್ದವರನ್ನು, ಸ್ವಾತಂತ್ರ್ಯ ಬಂದಾಗ ನಮಗೆ ಅಧಿಕಾರಿಗಳು ಬೇಕಾಗುತ್ತಾರೆ ಎಂದು ತಡೆದವರೂ ಮೋತಿಲಾಲರೇ ಎಂಬುದು ಆ ಕಥೆಯ ಉಳಿದ ಭಾಗ. ಮುಂದೆ ಎರಡನೇ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಒಂದೇ ಮನೆಯ ದೇಶಪ್ರೇಮ ಎರಡು ಕಡೆ ನಿಂತ ಕಾಲ ಅದು. ಯಾರು ಸರಿ ಎಂದು ತೂಗುವ ಗೊಡವೆ ನನಗೆ ಬೇಡ.

1945ರಲ್ಲಿ ಅರಕಾನ್ ತೀರದ ಕಾಂಗಾವ್ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಪಲಟನ್ನುಗಳಿಗೆ ಮೂವರು ಭಾರತೀಯರೇ ಮುಖ್ಯಸ್ಥರು: ತಿಮ್ಮಯ್ಯ, ಎಲ್. ಪಿ. ಸೇನ್ ಮತ್ತು ನಮಗೆ ನೆರೆಯವರೇ ಆದ ಕೊಲ್ಲಾಪುರ ಸೀಮೆಯ ಎಸ್. ಪಿ. ಪಿ. ಥೋರಾತ್. ಮೂವರಿಗೂ ಡಿ.ಎಸ್.ಒ. ಪದಕ ಬಂತು.

ಸ್ವಾತಂತ್ರ್ಯದ ಬೆನ್ನಿಗೇ ಬಂದ ಕಾಶ್ಮೀರ ಯುದ್ಧದಲ್ಲಿ ತಿಮ್ಮಯ್ಯ ಡಿವಿಷನ್ನಿನ ಮುಖ್ಯಸ್ಥರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಲೇಹ್‌ನ ಮರಳು ನೆಲದಲ್ಲಿ ಮೊದಲ ಡಕೋಟಾ ಇಳಿಸಿದರು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರ. ಆ ವಿಮಾನದಲ್ಲಿ ತಿಮ್ಮಯ್ಯನವರೂ ಕುಳಿತಿದ್ದರು. ಹೋಗಿ ಬನ್ನಿ ಎಂದು ಕಳಿಸಬಹುದಿತ್ತು, ಕಳಿಸಲಿಲ್ಲ. ಜೋಜಿಲಾ ಕಣಿವೆಯಲ್ಲೂ ಇದೇ ರೀತಿ. ಕಾಲ್ದಳದ ದಾಳಿ ಫಲಿಸದಾಗ, ಸ್ಟುವರ್ಟ್ ಟ್ಯಾಂಕುಗಳ ಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಿದರು. ಮದ್ರಾಸ್ ಸ್ಯಾಪರ್ಸ್ ಪಡೆ ಕಣಿವೆಗೆ ದಾರಿ ಕಡಿಯಿತು. ನವೆಂಬರ್ 1ರಂದು, ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಕನಸಲ್ಲೂ ಎಣಿಸದ ವೈರಿ ಕಂಗಾಲಾದ. ಮೊದಲ ಟ್ಯಾಂಕಿನಲ್ಲಿದ್ದವರು ಸ್ವತಃ ಡಿವಿಷನ್ನಿನ ಮುಖ್ಯಸ್ಥ. ಜವಾನರು ಅವರನ್ನು ಏಕೆ ಹಚ್ಚಿಕೊಂಡರು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆದರೆ ನನಗೆ ಜೋಜಿಲಾಕ್ಕಿಂತ ದೊಡ್ಡದೆನಿಸುವುದು ಕೊರಿಯಾ. 1953ರಲ್ಲಿ ಯುದ್ಧ ನಿಂತಾಗ ತವರಿಗೆ ಮರಳಲು ಒಲ್ಲೆನೆಂದ ಸುಮಾರು 23 ಸಾವಿರ ಸೆರೆಯಾಳುಗಳ ಹೊಣೆ ಭಾರತದ ತಲೆಗೆ ಬಂತು. ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು, ಕಾವಲು ಪಡೆಗೆ ಅದೇ ಹಳೆಯ ಗೆಳೆಯ ಥೋರಾತ್. ಮೇಜಿನ ಒಂದು ಬದಿ ಪೋಲೆಂಡ್, ಚೆಕೊಸ್ಲೊವಾಕಿಯಾ. ಇನ್ನೊಂದು ಬದಿ ಸ್ವೀಡನ್, ಸ್ವಿಟ್ಜರ್ಲೆಂಡ್. ಬೇಲಿಯೊಳಗೆ ಸಿಡಿದೇಳುವ ಕೈದಿಗಳು. ಗುಂಡಿನಿಂದ ಬಗೆಹರಿಯುವ ಕೆಲಸವಲ್ಲ ಅದು. ತಿಂಗಳುಗಟ್ಟಲೆ ಮಾತಿನಿಂದಲೇ ದೂಡಬೇಕಿತ್ತು, ದೂಡಿದರು. 1954ರಲ್ಲಿ ಪದ್ಮಭೂಷಣ ಬಂತು.

ಮಂದಿಯನ್ನು ಹಚ್ಚಿಕೊಳ್ಳುವ ಈ ಗುಣವೇ ಒಮ್ಮೆ ಅವರಿಗೆ ಮುಳುವಾಯಿತು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಅವರಿಗೂ ರಕ್ಷಣಾ ಸಚಿವ ಕೃಷ್ಣ ಮೆನನ್‌ಗೂ ಎಣ್ಣೆ ಸೀಗೆಕಾಯಿ. 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರು ಕರೆದು ಒಲಿಸಿದರು, ತಿಮ್ಮಯ್ಯ ಅದನ್ನು ಹಿಂದೆ ಪಡೆದರು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ನೆಹರು ಸಂಸತ್ತಿನಲ್ಲಿ ಅವರನ್ನೇ ಆಕ್ಷೇಪಿಸಿದರು. ಬೇಕಾದವರ ಮಾತಿಗೆ ಇಲ್ಲ ಎನ್ನಲಾರದ ಮನುಷ್ಯ ಅಂದು ಇಲ್ಲ ಎನ್ನಬೇಕಿತ್ತು. 1961ರಲ್ಲಿ ನಿವೃತ್ತರಾದರು, ಮರುವರ್ಷವೇ ಚೀನಾ ಯುದ್ಧ. ಒಂದು ತಮಾಷೆ ನೋಡಿ: ಸೈನಿಕ ಶಾಲೆಗಳ ಯೋಜನೆ ಅದೇ ಮೆನನ್ ಅವರದು. 1963ರ ಸೆಪ್ಟೆಂಬರ್ 16ರಂದು ನಮ್ಮ ವಿಜಯಪುರಕ್ಕೆ ಬಂದ ಸೈನಿಕ ಶಾಲೆಯೂ ಅದರ ಫಲ. ಜನರಲ್ ಜೊತೆ ಜಗಳಾಡಿದವರ ಉಪಕಾರ ನಮ್ಮೂರಿನ ಮೇಲಿದೆ.

ಸಂಸಾರದಲ್ಲೂ ಅವರು ಮಂದಿಯಿಂದ ದೂರ ಉಳಿದವರಲ್ಲ. 1935ರಲ್ಲಿ ನೀನಾ ಅವರನ್ನು ಮದುವೆಯಾದರು. ಅದೇ ವರ್ಷ ಕ್ವೆಟ್ಟಾ ಭೂಕಂಪ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಬ್ಬರೂ ಸಂತ್ರಸ್ತರ ಸೇವೆಗೆ ಇಳಿದರು. ಒಬ್ಬಳೇ ಮಗಳು.

ನಿವೃತ್ತರಾದ ಮೇಲೆ ಕಾಫಿ ತೋಟದ ನೆರಳಲ್ಲಿ ಆರಾಮವಾಗಿ ಇರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆ ಕರೆದಾಗ ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಸೈಪ್ರಸ್‌ಗೆ ಹೊರಟರು, ಶಾಂತಿಪಡೆಯ ಮುಖ್ಯಸ್ಥರಾಗಿ. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮಣ್ಣಾದದ್ದು ಬೆಂಗಳೂರಿನಲ್ಲಿ. ಮರುವರ್ಷ ಸೈಪ್ರಸ್ ದೇಶವೇ ಅವರ ಅಂಚೆಚೀಟಿ ಹೊರಡಿಸಿತು. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ. ಆಟೋದವರಿಗೆ ಅದು ಇನ್ನೂ ರಿಚ್‌ಮಂಡ್ ರಸ್ತೆಯೇ.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಬಹುಕಾಲ ಆರ್‌ಟಿಓ ಕಚೇರಿಯಾಗಿತ್ತು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ನಮ್ಮ ಕಡೆಯಿಂದ ಕೊಡಗಿಗೆ ಪ್ರವಾಸ ಹೋದವರು ರಾಜಾಸೀಟು, ಅಬ್ಬಿ ಜಲಪಾತ ನೋಡಿ ಬಸ್ ಹತ್ತುತ್ತಾರೆ. ಮುಂದಿನ ಸಲ ಮಕ್ಕಳನ್ನು ಸನ್ನಿಸೈಡಿಗೂ ಕರೆದೊಯ್ಯಿರಿ. ಓಣಿಯ ನಿವೃತ್ತ ಸೈನಿಕರು ಜೊತೆಗೆ ಬರುತ್ತೇನೆಂದರೆ ಅವರಿಗೊಂದು ಸೀಟು ಹಿಡಿಯಿರಿ.